ಓದುಗರ ಪ್ರಶ್ನೆ: ಕ್ಯಾಡ್ ಕೆಲಸಕ್ಕೆ ವಿಂಡೋಸಾ, ಮ್ಯಾಕಾ, ಲಿನಕ್ಸಾ?

ಪ್ರಶ್ನೆ: ಸಾರ್, ನಮ್ದು ಹಾಸನ. ಮಗಳು ಈ ವರ್ಷ ಇಲ್ಲೇ ಮೆಕ್ಯಾನಿಕಲ್ ಇಂಜಿನಿಯರಿಂಗ್ ಸೇರಿದಾಳೆ, ಕ್ಯಾಡ್ (ಕಂಪ್ಯೂಟರಲ್ಲೇ ಡ್ರಾಯಿಂಗ್, ಮಾಡೆಲ್ ಮಾಡೋದು) ಇರತ್ತೆ ಲ್ಯಾಪ್‌ಟಾಪ್ ಕೊಡ್ಸಿ ಅಂತಿದಾಳೆ. ಬೆಂಗಳೂರಲ್ಲಿರೋ ಅವಳ ಸೋದರಮಾವ ಮ್ಯಾಕ್‌ಬುಕ್ ತಗೊಳ್ಳಿ ಭಾವ, ಕೈ ಕೊಡಲ್ಲ ಅಂತಾನೆ. ಪಕ್ಕದ ಮನೆ ಹುಡುಗ ಲಿನಕ್ಸ್ ಹಾಕ್ಸಿ ಅಂಕಲ್, ಫ್ರೀ ಅಂತಾನೆ. ಬಿ.ಎಂ. ರೋಡಿನ ಅಂಗಡಿಯವರು ಸ್ನ್ಯಾಪ್‌ಡ್ರ್ಯಾಗನ್ ಚಿಪ್ಪಿನ ಹೊಸ ವಿಂಡೋಸ್ ಲ್ಯಾಪ್‌ಟಾಪ್ ತೋರ್ಸಿ ಬ್ಯಾಟರಿ ಇಡೀ ದಿನ ಬರತ್ತೆ ಅಂದ್ರು. ಎಂಬತ್ತು ಸಾವಿರದ ತನಕ ಹಾಕಬಲ್ಲೆ. ಯಾವ್ದು ತಗೊಳ್ಳಿ?

ಉತ್ತರ: ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್ ಇರೋ, ವಿಂಡೋಸ್ 11 ಹಾಕಿರೋ ಲ್ಯಾಪ್‌ಟಾಪ್ ತಗೊಳ್ಳಿ ಸಾರ್. ಮ್ಯಾಕ್ ಕೆಟ್ಟದ್ದು ಅಂತಲೋ ಲಿನಕ್ಸ್ ಬರದು ಅಂತಲೋ ಈ ಮಾತು ಹೇಳ್ತಿಲ್ಲ, ಮೆಕ್ಯಾನಿಕಲ್‌ನವರು ಬಳಸೋ ಸಾಫ್ಟ್‌ವೇರ್‌ಗಳಲ್ಲಿ ಹೆಚ್ಚಿನವು ವಿಂಡೋಸ್ ಬಿಟ್ಟು ಬೇರೆ ಕಡೆ ಕೂರೋದೇ ಇಲ್ಲ, ಅಷ್ಟೇ. ವಿಟಿಯು ಕಡೆ ಕಾಲೇಜುಗಳ ಡ್ರಾಯಿಂಗ್ ಲ್ಯಾಬಲ್ಲಿ ಸಾಲಿಡ್ ಎಡ್ಜ್ ಬಹಳ ಕಡೆ ಕಾಣತ್ತೆ, ಅದು ವಿಂಡೋಸ್ ಮಾತ್ರ. ಸಾಲಿಡ್‌ವರ್ಕ್ಸ್ ವಿಂಡೋಸ್ ಮಾತ್ರ, ಕ್ರಿಯೋ ವಿಂಡೋಸ್ ಮಾತ್ರ, ಇವತ್ತಿನ ಕಟಿಯಾ ವಿ5 ಕೂಡ ಹಾಗೇ. ಲ್ಯಾಬಲ್ಲಿ ಅರ್ಧ ಮಾಡಿದ ಮಾಡೆಲ್ಲನ್ನ ಪೆನ್‌ಡ್ರೈವಲ್ಲಿ ತಂದು ರಾತ್ರಿ ಮನೇಲಿ ಮುಂದುವರಿಸೋಕೆ ಆಗ್ಬೇಕಲ್ವಾ, ಲ್ಯಾಪ್‌ಟಾಪ್ ತಗೊಳ್ತಿರೋದೇ ಅದಕ್ಕೆ ತಾನೆ.

ನಿಮ್ಮ ಭಾವಮೈದ ಹೇಳೋದ್ರಲ್ಲಿ ತಪ್ಪಿಲ್ಲ, ಮ್ಯಾಕ್ ಗಟ್ಟಿ ಮೆಷಿನ್ನೇ. ಆಟೋಕ್ಯಾಡ್, ಫ್ಯೂಷನ್, ರೈನೋ, ಸ್ಕೆಚ್‌ಅಪ್ ಇವೆಲ್ಲ ಮ್ಯಾಕಲ್ಲೂ ಬರ್ತವೆ, ಪ್ರಾಡಕ್ಟ್ ಡಿಸೈನೋ ಇಂಟೀರಿಯರೋ ಮಾಡೋರಾಗಿದ್ರೆ ನಾನೂ ಬೇಡ ಅಂತಿರ್ಲಿಲ್ಲ. ಆಟೋಕ್ಯಾಡಿಗೂ ಮ್ಯಾಕಿಗೂ ಒಂದ್ಸಲ ಸಂಬಂಧ ಹರಿದು ಕೂಡಿದ್ದೂ ಇದೆ, 1982ರಲ್ಲಿ ಶುರುವಾದ ಆಟೋಕ್ಯಾಡ್ ತೊಂಬತ್ತರ ದಶಕದ ನಡುವಲ್ಲಿ ಮ್ಯಾಕನ್ನೂ ಯುನಿಕ್ಸನ್ನೂ ಕೈಬಿಟ್ಟು, ಮತ್ತೆ ಮ್ಯಾಕಿಗೆ ಬಂದಿದ್ದು 2010ರಲ್ಲಿ. ಈಗಲೂ ಎರಡೂ ಒಂದೇ ಅನ್ಕೋಬೇಡಿ, ವಿಬಿಎ ಮ್ಯಾಕ್ರೋ (ಪದೇ ಪದೇ ಮಾಡೋ ಕೆಲಸನ ತಾನಾಗೇ ಮಾಡಿಸೋ ಚಿಕ್ಕ ಪ್ರೋಗ್ರಾಂ) ಮ್ಯಾಕಲ್ಲಿ ನಡೆಯಲ್ಲ, ಮೆಕ್ಯಾನಿಕಲ್ ಆರ್ಕಿಟೆಕ್ಚರ್ ಅಂತ ಬರೋ ಟೂಲ್‌ಸೆಟ್‌ಗಳೂ ವಿಂಡೋಸ್‌ನವರಿಗೇ. ಮ್ಯಾಕ್ ತಗೊಂಡು ಅದರೊಳಗೇ ವಿಂಡೋಸ್ ಹಾಕಿದ್ರಾಯ್ತು ಅನ್ನೋರು ಇನ್ನೂ ಇದಾರೆ. ಇಂಟೆಲ್ ಮ್ಯಾಕ್ ಇದ್ದಾಗ ಬೂಟ್ ಕ್ಯಾಂಪ್ ಅಂತ ದಾರಿ ಇತ್ತು, 2020ರ ಕೊನೆಗೆ ಎಂ1 ಚಿಪ್ ಬಂದ ಮೇಲೆ ಆ ಬಾಗಿಲು ಮುಚ್ತು. ಮ್ಯಾಕ್ ಒಳಗೇ ವಿಂಡೋಸ್ ನಡೆಸೋ ಪ್ಯಾರಲಲ್ಸ್ ಅನ್ನೋ ಸಾಫ್ಟ್‌ವೇರ್ ಒಳಗೆ ಓಡ್ಸಿ ತೋರಿಸೋರಿದಾರೆ ನಿಜ, ಆದ್ರೆ ಸಾಲಿಡ್‌ವರ್ಕ್ಸ್‌ನೋರು ಅದಕ್ಕೆ ಸಪೋರ್ಟ್ ಕೊಡಲ್ಲ, ಇಂಟರ್ನಲ್ಸ್ ಹಿಂದಿನ ದಿನ ಅಸೆಂಬ್ಲಿ (ಬಿಡಿಭಾಗಗಳನ್ನ ಜೋಡಿಸಿದ ಮಾಡೆಲ್) ಕ್ರ್ಯಾಶ್ ಆಗಿ ಕೂತ್ರೆ ಯಾರನ್ನ ಕೇಳ್ತೀರಿ?

ಅಂಗಡಿಯವರು ತೋರ್ಸಿದ್ದೇ ನನಗೆ ಜಾಸ್ತಿ ಭಯ ಹುಟ್ಸೋದು, ಯಾಕಂದ್ರೆ ಮ್ಯಾಕ್ ಬೇರೆ ಅಂತ ನೋಡಿದ್ರೇ ಗೊತ್ತಾಗತ್ತೆ, ಇದು ನೋಡೋಕೆ ಥೇಟ್ ವಿಂಡೋಸೇ. ಆ ಚಿಪ್ ಎಆರ್‌ಎಂ ಜಾತಿದು, ಇಂಟೆಲ್‌ಗೆ ಅಂತ ಬರೆದಿರೋ ಪ್ರೋಗ್ರಾಮನ್ನ ಒಳಗೊಳಗೇ ತರ್ಜುಮೆ ಮಾಡ್ಕೊಂಡು ಓಡ್ಸತ್ತೆ. ವರ್ಡು, ಎಕ್ಸೆಲ್ಲು, ಬ್ರೌಸರ್ರಿಗೆ ಏನೂ ತೊಂದ್ರೆ ಇಲ್ಲ. ಕ್ಯಾಡಿಗೆ ಬೇಕಾದ ಗ್ರಾಫಿಕ್ಸ್ ಡ್ರೈವರ್ ವಿಷಯಕ್ಕೆ ಬಂದಾಗ ಎಡವತ್ತೆ. ಕಂಡುಹಿಡಿಯೋದು ಸುಲಭ. ಅಂಗಡೀಲೇ ಡೆಮೋ ಪೀಸ್ ಆನ್ ಮಾಡ್ಸಿ, ಸೆಟ್ಟಿಂಗ್ಸ್, ಸಿಸ್ಟಂ, ಅದರ ತಳದಲ್ಲಿ ಅಬೌಟ್ ಅಂತ ಇರತ್ತೆ, ಅಲ್ಲಿ ಸಿಸ್ಟಂ ಟೈಪ್ ಅನ್ನೋ ಸಾಲಿನಲ್ಲಿ "ಎಕ್ಸ್64 ಬೇಸ್ಡ್ ಪ್ರೊಸೆಸರ್" ಅಂತ ಇರ್ಬೇಕು. "ಎಆರ್‌ಎಂ ಬೇಸ್ಡ್" ಅಂತ ಇದ್ರೆ ನಮಸ್ಕಾರ ಹಾಕಿ ಬನ್ನಿ. ಅಲ್ಲೇ ಇರುವಾಗ ಟಾಸ್ಕ್ ಮ್ಯಾನೇಜರ್ ತೆಗ್ಸಿ ಪರ್ಫಾರ್ಮೆನ್ಸ್‌ನಲ್ಲಿ ಜಿಪಿಯು ಎರಡು ಕಾಣ್ತವಾ ನೋಡಿ, ಒಂದೇ ಇದ್ರೆ ಸಾಮಾನ್ಯವಾಗಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ ಅಂತ ಲೆಕ್ಕ. ಕೆಲವು ಕಡಿಮೆ ರೇಟಿನವು ಎಸ್ ಮೋಡ್‌ನಲ್ಲಿ ಬರ್ತವೆ, ಅದ್ರಲ್ಲಿ ಮೈಕ್ರೋಸಾಫ್ಟ್ ಸ್ಟೋರಿನದ್ದು ಬಿಟ್ಟು ಬೇರೇನೂ ಇನ್‌ಸ್ಟಾಲ್ ಆಗಲ್ಲ, ಗಾಬರಿ ಆಗ್ಬೇಡಿ, ಅದರಿಂದ ಹೊರಗೆ ಬರೋಕೆ ದುಡ್ಡು ಕೇಳಲ್ಲ.

ಮಿಕ್ಕಿದ್ದು ಚುಟುಕಾಗಿ: 16 ಜಿಬಿ ರ‍್ಯಾಮ್, ಆಮೇಲೆ ಹೆಚ್ಚಿಸೋಕೆ ಸ್ಲಾಟ್ ಇದ್ರೆ ಇನ್ನೂ ಒಳ್ಳೇದು, 512 ಜಿಬಿ ಎಸ್‌ಎಸ್‌ಡಿ. ಡಾಸ್ ಲ್ಯಾಪ್‌ಟಾಪ್ (ವಿಂಡೋಸ್ ಇಲ್ದೆ ಬರೋದು) ತಗೊಳ್ಳಿ, ವಿಂಡೋಸ್ ನಾವೇ ಹಾಕ್ಕೊಡ್ತೀವಿ ಅಂದ್ರೆ ಅದು ಕ್ರ್ಯಾಕ್ ಅಂತ ತಿಳ್ಕೊಳ್ಳಿ. ಸಾಫ್ಟ್‌ವೇರೂ ಕದೀಬೇಕಾಗಿಲ್ಲ, ಆಟೋಡೆಸ್ಕ್‌ನೋರು ವಿದ್ಯಾರ್ಥಿ ಅಂತ ದಾಖಲೆ ತೋರ್ಸಿದ್ರೆ ವರ್ಷ ವರ್ಷ ರಿನ್ಯೂ ಮಾಡೋ ಹಾಗೆ ಫ್ರೀ ಕೊಡ್ತಾರೆ, ಸಾಲಿಡ್ ಎಡ್ಜಲ್ಲೂ ಫ್ರೀ ಎಡಿಷನ್ ಇದೆ. ಪಕ್ಕದ ಮನೆ ಹುಡುಗನ್ನ ಬೈಬೇಡಿ, ಒಂದು ವರ್ಷ ಹೋದ್ಮೇಲೆ ಅದೇ ಲ್ಯಾಪ್‌ಟಾಪಲ್ಲಿ ಪಕ್ಕಕ್ಕೆ ಲಿನಕ್ಸ್ ಹಾಕ್ಕೊಡು ಅಂತ ಮಗಳೇ ಅವನನ್ನ ಕರೀಬಹುದು.

ಪ್ರಶ್ನೆ: ಚಿಕ್ಕಮಗಳೂರಲ್ಲಿ ಮನೆ ಪ್ಲ್ಯಾನ್, ಎಸ್ಟೇಟ್ ಸರ್ವೆ ಡ್ರಾಯಿಂಗ್ ಮಾಡ್ಕೊಂಡಿದೀನಿ. ಲ್ಯಾಪ್‌ಟಾಪ್ ಐ5 ಏಳನೇ ಜನರೇಷನ್, ವಿಂಡೋಸ್ 10, ಹಳೇ ಆಟೋಕ್ಯಾಡ್. ವಿಂಡೋಸ್ 11 ಹಾಕೋಕೆ ಹೋದ್ರೆ ಈ ಪಿಸಿಗೆ ಆಗಲ್ಲ ಅನ್ನತ್ತೆ. ಮೆಷಿನ್ ಚೆನ್ನಾಗೇ ಓಡ್ತಿದೆ ಮಾರಾಯ್ರೆ, ಬಿಸಾಕೋಕೆ ಮನಸ್ಸಿಲ್ಲ. ಲಿನಕ್ಸಿಗೆ ಹೋದ್ರೆ ಹೆಂಗೆ?

ಉತ್ತರ: ಬಿಸಾಕ್ಬೇಡಿ, ಹಾಗಂತ ಈಗಿಂದೀಗ್ಲೇ ಲಿನಕ್ಸಿಗೂ ಹಾರ್ಬೇಡಿ. ವಿಂಡೋಸ್ 11 ಇಂಟೆಲ್‌ನಲ್ಲಿ ಎಂಟನೇ ಜನರೇಷನ್‌ನಿಂದ ಮೇಲೆ, ಜೊತೆಗೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಕೇಳತ್ತೆ, ನಿಮ್ದು ಒಂದು ಮೆಟ್ಲು ಕೆಳಗಾಯ್ತು. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, ಸೆಕ್ಯುರಿಟಿ ಅಪ್‌ಡೇಟ್ ಮಾತ್ರ ಇನ್ನೊಂದು ವರ್ಷ ಪಡ್ಕೊಳ್ಳೋಕೆ ಮೈಕ್ರೋಸಾಫ್ಟ್ ದಾರಿ ಇಟ್ಟಿದೆ, ವಿಂಡೋಸ್ ಅಪ್‌ಡೇಟ್ ಪೇಜಲ್ಲೇ ಎನ್‌ರೋಲ್ ಅಂತ ಬರತ್ತೆ. ಅಲ್ಲಿಗೆ ಹೊಸ ಮೆಷಿನ್‌ಗೆ ದುಡ್ಡು ಕೂಡಿಸೋಕೆ ಟೈಮ್ ಸಿಕ್ಕಂಗಾಯ್ತು.

ಲಿನಕ್ಸಲ್ಲಿ ನಿಮಗೆ ತೊಡಕಾಗೋದು ಎರಡು ಕಡೆ. ಒಂದು ಡಿಡಬ್ಲ್ಯೂಜಿ, ಅಂದ್ರೆ ಆಟೋಕ್ಯಾಡ್ ಡ್ರಾಯಿಂಗ್ ಉಳಿಸೋ ಫೈಲು, ಆಟೋಕ್ಯಾಡ್ ಲಿನಕ್ಸಿಗೆ ಬರಲ್ವಲ್ಲ. ಲಿಬ್ರೆಕ್ಯಾಡ್ ಹಗುರಾಗಿದೆ, 2ಡಿಗೆ ಸಾಕು, ಆದ್ರೆ ಉಳಿಸೋದು ಡಿಎಕ್ಸ್‌ಎಫ್‌ನಲ್ಲಿ. ಫ್ರೀಕ್ಯಾಡ್ ಡಿಡಬ್ಲ್ಯೂಜಿ ತೆರೀಬೇಕಂದ್ರೆ ಹೊರಗಿಂದ ಒಂದು ಕನ್ವರ್ಟರ್ ಜೋಡಿಸ್ಬೇಕು. ನಿಮ್ಮ ಹತ್ರ ಡ್ರಾಯಿಂಗ್ ತಗೊಳ್ಳೋ ಸ್ಟ್ರಕ್ಚರಲ್ ಇಂಜಿನಿಯರ್ರೋ ಮೇಸ್ತ್ರಿಯ ಮಗನೋ ಆಟೋಕ್ಯಾಡಲ್ಲೇ ತೆರೀತಾರೆ, ಡೈಮೆನ್ಷನ್ ಸ್ಟೈಲು, ಹ್ಯಾಚ್ ಹೆಚ್ಚುಕಮ್ಮಿ ಆಗಿ ಫೋನ್ ಬಂದ್ರೆ ಉಳಿಸಿದ ದುಡ್ಡೆಲ್ಲ ಆ ಫೋನಲ್ಲೇ ಹೋಗತ್ತೆ. ಲಿನಕ್ಸೇ ಬೇಕು ಅಂದ್ರೆ ಬ್ರಿಕ್ಸ್‌ಕ್ಯಾಡ್ ಇದೆ, ಡಿಡಬ್ಲ್ಯೂಜಿಯಲ್ಲೇ ಕೆಲಸ ಮಾಡತ್ತೆ, ಲಿನಕ್ಸಿಗೂ ಬರತ್ತೆ, ಆದ್ರೆ ಅದು ದುಡ್ಡಿಂದು.

ಇನ್ನೊಂದು, ಕನ್ನಡ ಟೈಪ್ ಮಾಡೋ ನುಡಿ ಸಾಫ್ಟ್‌ವೇರಿನ ಫಾಂಟು. ನಗರಸಭೆಗೋ ಪಂಚಾಯ್ತಿಗೋ ಕೊಡೋ ನಕ್ಷೇಲಿ ಟೈಟಲ್ ಬ್ಲಾಕ್, ಚಕ್ಕುಬಂದಿ, ಸರ್ವೆ ನಂಬರ್ ಎಲ್ಲ ಕನ್ನಡದಲ್ಲಿ ಬರ್ದಿರ್ತೀರಲ್ಲ, ಹಳೇ ಫೈಲಲ್ಲಿ ಅದು ನುಡಿಯ ಹಳೇ ಫಾಂಟಲ್ಲಿ ಇದ್ರೆ, ಆ ಫಾಂಟ್ ಇಲ್ದಿರೋ ಮೆಷಿನಲ್ಲಿ "ಪೂರ್ವಕ್ಕೆ ರಸ್ತೆ" ಅಂತ ಇರ್ಬೇಕಾದ ಜಾಗದಲ್ಲಿ ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳ ಸಾಲು ಕೂತಿರತ್ತೆ. ಯುನಿಕೋಡಲ್ಲಿ ಬರ್ದಿದ್ರೆ ಕನ್ನಡ ಯುನಿಕೋಡ್ ಫಾಂಟ್ ಇರೋ ಯಾವ ಮೆಷಿನಲ್ಲೂ ಅಕ್ಷರ ಹೀಗೆ ಕೆಡಲ್ಲ. ಅದಕ್ಕೆ ಈಗಿನ ಮೆಷಿನ್ ಸರಿ ಇರುವಾಗ್ಲೇ, ಮುಖ್ಯವಾದ ಫೈಲುಗಳನ್ನ ಪಿಡಿಎಫ್ ಮಾಡಿ ಇಟ್ಕೊಳ್ಳಿ, ಟೈಟಲ್ ಬ್ಲಾಕ್ ಟೆಂಪ್ಲೇಟನ್ನ ಯುನಿಕೋಡ್‌ಗೆ ಬದಲಾಯಿಸ್ಕೊಳ್ಳಿ, ಮುಂದೆ ಯಾವ ಓಎಸ್‌ಗೆ ಹೋದ್ರೂ ಈ ಕೆಲಸ ತಪ್ಪಿದ್ದಲ್ಲ. ಎಸ್ಟೇಟ್ ಸರ್ವೆ ಕಡೆಯವರಿಗೆ ಇನ್ನೊಂದು ಮಾತು, ಸಿವಿಲ್ 3ಡಿ ವಿಂಡೋಸ್ ಬಿಟ್ಟು ಬರಲ್ಲ, ಆದ್ರೆ ಭೂಪಟದ ಕೆಲಸಕ್ಕಿರೋ ಕ್ಯೂಜಿಐಎಸ್ ಫ್ರೀ, ಎಲ್ಲಾ ಓಎಸ್‌ನಲ್ಲೂ ಇದೆ, ಕಾಂಟೂರ್ ಎಳೆಯೋಕೆ ಚೆನ್ನಾಗಿದೆ.

ಪ್ರಶ್ನೆ: ನಾನು ಪಾಲಿಟೆಕ್ನಿಕ್ ಸ್ಟೂಡೆಂಟ್, ಊರು ಮೂಡಿಗೆರೆ ಹತ್ರ. ಅಣ್ಣ ಕೊಟ್ಟ ಹಳೇ ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್, ಉಬುಂಟು ಇದೆ. ಹೊಸದು ತಗೊಳ್ಳೋಕೆ ಆಗಲ್ಲ. ಇದ್ರಲ್ಲೇ 3ಡಿ ಕಲೀಬಹುದಾ?

ಉತ್ತರ: ಧಾರಾಳವಾಗಿ ಕಲೀಬಹುದು ತಮ್ಮಾ. ಫ್ರೀಕ್ಯಾಡ್ ಹಾಕ್ಕೋ, 2024ರ ನವೆಂಬರಲ್ಲಿ ಬಂದ 1.0 ಅಥವಾ ಅದಕ್ಕಿಂತ ಹೊಸದು, ಅದಕ್ಕೂ ಹಿಂದಿನದ್ರಲ್ಲಿ ಮಾಡೆಲ್‌ನ ಹಿಂದಿನ ಹಂತ ತಿದ್ದಿದ್ರೆ ಮುಂದಿನದೆಲ್ಲ ಮುರಿದು ಬೀಳೋದು ಜಾಸ್ತಿ, 1.0ರಲ್ಲಿ ಅದನ್ನ ಬಹಳಷ್ಟು ಸರಿ ಮಾಡಿದಾರೆ, ಅಸೆಂಬ್ಲಿಗೂ ಜಾಗ ಕೊಟ್ಟಿದಾರೆ. ಸ್ಕೆಚ್ ಹಾಕೋದು, ಕನ್‌ಸ್ಟ್ರೇಂಟ್ ಕೊಡೋದು, ಪ್ಯಾಡ್ ಮಾಡೋದು (ಸ್ಕೆಚ್ಚಿಗೆ ದಪ್ಪ ಕೊಟ್ಟು 3ಡಿ ಮಾಡೋದು) ಇದ್ರಲ್ಲಿ ಕೈ ಕೂತ್ರೆ ಸಾಲಿಡ್‌ವರ್ಕ್ಸಲ್ಲಿ ಬಟನ್ ಜಾಗ ಮಾತ್ರ ಬೇರೆ. ಬ್ರೌಸರಲ್ಲೇ ಓಡೋ ಆನ್‌ಶೇಪ್ ಇನ್ನೂ ಚೆಂದ, ಉಬುಂಟುವಿಗೂ ಸರಿ, ವಿದ್ಯಾರ್ಥಿಗಳಿಗೆ ಫ್ರೀ, ಆದ್ರೆ ನೆಟ್ ಇಲ್ದಿದ್ರೆ ಏನೂ ಇಲ್ಲ, ನಿಮ್ಮ ಕಡೆ ಜೂನ್ ಜುಲೈ ಮಳೆಗೆ ಕರೆಂಟೂ ಟವರ್ರೂ ಒಟ್ಟಿಗೆ ಹೋಗೋದು ನಿನಗೇ ಗೊತ್ತಲ್ಲ. ಅದಕ್ಕೆ ಮನೇಲಿ ಫ್ರೀಕ್ಯಾಡು, ಕಾಲೇಜಲ್ಲಿ ವೈಫೈ ಇದ್ದಾಗ ಆನ್‌ಶೇಪು. ಲ್ಯಾಬಿಗೆ ಒಯ್ಯುವಾಗ ಸ್ಟೆಪ್ ಫೈಲಾಗಿ ಎಕ್ಸ್‌ಪೋರ್ಟ್ ಮಾಡು, ಹೆಚ್ಚಿನ 3ಡಿ ಕ್ಯಾಡಲ್ಲೆಲ್ಲ ತೆರ್ಕೊಳ್ಳತ್ತೆ. ಆಕಾರ ಮಾತ್ರ ಹೋಗೋದು, ನೀನು ಹಾಕಿದ ಸ್ಕೆಚ್, ಅಳತೆಗಳ ಪಟ್ಟಿ ಅದರ ಜೊತೆ ಹೋಗಲ್ಲ, ಹಾಗಾಗಿ ಒರಿಜಿನಲ್ ಫೈಲನ್ನ ಅಳಿಸ್ಬೇಡ.