ನಂಬರ್ ಬ್ಯಾನ್ ಆದರೆ ದುಡ್ಡು ಕೊಟ್ಟು ಬಿಡಿಸಲು ಆಗುವುದಿಲ್ಲ

ಬ್ಲಾಕ್ ಆದ ಆ್ಯಪ್ ಮತ್ತೆ ತೆರೆಯುವುದು ಹೇಗೆ ಎಂದು ಕೇಳುವ ಪತ್ರಗಳು ನಿಲ್ಲುತ್ತಲೇ ಇಲ್ಲ. ಅದರಲ್ಲೂ ವಾಟ್ಸ್‌ಆ್ಯಪ್ ಬ್ಯಾನ್ ಬಗ್ಗೆಯೇ ಜಾಸ್ತಿ. ಹೆಚ್ಚಿನ ಪತ್ರಗಳಲ್ಲಿ ಯಾರೋ ದುಡ್ಡು ಕೇಳುತ್ತಿರುವ ಸಂಗತಿಯೂ ಇರುತ್ತದೆ. ಇದನ್ನು ಓದಿದಾಗಲೆಲ್ಲ ಸಿಟ್ಟು ಬರುತ್ತದೆ. ಹಾಗಾಗಿ ಈ ಸಲ ಅದಕ್ಕೇ ಹೆಚ್ಚು ಜಾಗ.

ಪ್ರಶ್ನೆ: ದಾವಣಗೆರೆಯಲ್ಲಿ ನನ್ನದು ಸಣ್ಣ ಬಟ್ಟೆ ಅಂಗಡಿ. ಹಬ್ಬಕ್ಕೆ ಹೊಸ ಸ್ಟಾಕ್ ಬಂದಾಗ ನನ್ನ ಹತ್ತಿರ ಇದ್ದ ನಂಬರ್‌ಗಳಿಗೆಲ್ಲ ಸೀರೆ ಫೋಟೊ ಕಳಿಸಿದೆ, ಗ್ರೂಪ್ ಮಾಡಿ ಎಲ್ಲರನ್ನೂ ಸೇರಿಸಿದೆ. ಮಾರನೇ ದಿನ ‘ಈ ಖಾತೆ ವಾಟ್ಸ್‌ಆ್ಯಪ್ ಬಳಸುವಂತಿಲ್ಲ’ ಎಂದು ಬಂತು. ಆ್ಯಪ್ ಅಳಿಸಿ ಮತ್ತೆ ಹಾಕಿದರೂ ಅದೇ. ಟೆಲಿಗ್ರಾಂನಲ್ಲಿ ಒಬ್ಬರು 3,000 ರೂಪಾಯಿಗೆ ಅನ್‌ಬ್ಯಾನ್ ಮಾಡಿಕೊಡುತ್ತಾರಂತೆ. ಕೊಡಲೇ?

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ಬ್ಯಾನ್ ಆಗಿರುವುದು ನಿಮ್ಮ ಫೋನ್ ಅಲ್ಲ, ನಿಮ್ಮ ನಂಬರ್. ಆ ದಾಖಲೆ ಇರುವುದು ಕಂಪನಿಯ ಸರ್ವರ್‌ನಲ್ಲಿ. ಫೋನ್ ಫಾರ್ಮ್ಯಾಟ್ ಮಾಡಿದರೂ, ಹೊಸ ಫೋನ್ ತಂದರೂ, ಊರಿನ ಅತಿ ಜಾಣ ಮೊಬೈಲ್ ರಿಪೇರಿಯವರ ಕೈಗೆ ಕೊಟ್ಟರೂ ಅಲ್ಲಿ ಏನೂ ಬದಲಾಗುವುದಿಲ್ಲ. ಕೆಲವರು ಐಎಂಇಐ, ಅಂದರೆ ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ, ಬದಲಾಯಿಸಿಕೊಡುತ್ತೇವೆ ಎನ್ನುತ್ತಾರೆ. ಅದರಿಂದ ಬ್ಯಾನ್ ಹೋಗುವುದಿಲ್ಲ. ಅದು ಅಪರಾಧವೂ ಹೌದು. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ 3 ವರ್ಷದವರೆಗೆ ಜೈಲು ಇದೆ.

ಹಾಗಾದರೆ ಆ ಟೆಲಿಗ್ರಾಂ ಮನುಷ್ಯ ಏನು ಮಾಡುತ್ತಾನೆ? ನಿಮ್ಮ ಕೈಯಲ್ಲೇ ಇರುವ ಮರುಪರಿಶೀಲನೆ ಬಟನ್ ಒತ್ತಿಸಿ ದುಡ್ಡು ತೆಗೆದುಕೊಳ್ಳುತ್ತಾನೆ. ಇಲ್ಲವಾದರೆ ನಿಮಗೆ ಎಸ್‌ಎಂಎಸ್‌ನಲ್ಲಿ ಬರುವ 6 ಅಂಕಿಯ ಕೋಡ್ ಕೇಳುತ್ತಾನೆ. ಅದನ್ನು ಕೊಟ್ಟಿರೋ, ನಾಳೆ ಬ್ಯಾನ್ ತೆರವಾದಾಗ ನಿಮ್ಮ ವಾಟ್ಸ್‌ಆ್ಯಪ್ ಅವನ ಫೋನಿನಲ್ಲಿ ತೆರೆಯಬಹುದು. ಆಮೇಲೆ ನಿಮ್ಮ ಹೆಸರಿನಲ್ಲಿ ನಿಮ್ಮ ಗಿರಾಕಿಗಳ ಹತ್ತಿರವೇ ದುಡ್ಡು ಕೇಳುತ್ತಾನೆ. ಈಗಾಗಲೇ ಯಾರಾದರೂ ಹಣ ಹಾಕಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ಹಣ ಹಿಡಿಯುವುದು ಕಷ್ಟ.

ಮಾಡಬೇಕಾದ್ದು ಇಷ್ಟು. ಪ್ಲೇ ಸ್ಟೋರ್‌ನಿಂದ ಅಸಲಿ ವಾಟ್ಸ್‌ಆ್ಯಪ್ ಹಾಕಿ ನಿಮ್ಮ ನಂಬರ್ ಕೊಡಿ. ಬ್ಯಾನ್ ತೋರಿಸುವ ಪುಟದಲ್ಲೇ ಮರುಪರಿಶೀಲನೆ ಕೇಳುವ ಬಟನ್ ಇರುತ್ತದೆ. ಅದನ್ನು ಒತ್ತಿ ನಡೆದದ್ದನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ: ಅಂಗಡಿ ನನ್ನದು, ಹಬ್ಬದ ಫೋಟೊ ಕಳಿಸಿದೆ, ಕೇಳದೆ ಗ್ರೂಪ್‌ಗೆ ಸೇರಿಸಿದೆ, ಇನ್ನು ಮಾಡುವುದಿಲ್ಲ. ಹ್ಯಾಕ್ ಆಗಿತ್ತು ಎಂದು ಸುಳ್ಳು ಬರೆಯಬೇಡಿ. ದಿನಕ್ಕೆ ಹತ್ತು ಸಲ ಕಳಿಸಲೂ ಬೇಡಿ. ಇಂಥದ್ದೇ ತೊಂದರೆಯಲ್ಲಿದ್ದು ಇನ್ನೂ ಆ್ಯಪ್ ಅಳಿಸದವರು ದಯವಿಟ್ಟು ಅಳಿಸಬೇಡಿ. ಕೊನೆಯ ಬ್ಯಾಕಪ್ ಆದ ಮೇಲಿನ ಚಾಟ್‌ಗಳು ಸುಮ್ನೆ ಹೋಗುತ್ತವೆ.

ಅಲ್ಲೂ ಆಗದು ಎಂದರೆ ಕಂಪನಿಯ ಭಾರತದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2021ರ ಐಟಿ ನಿಯಮಗಳ ಪ್ರಕಾರ ದೊಡ್ಡ ಕಂಪನಿಗಳು ಇಂಥ ಅಧಿಕಾರಿಯನ್ನು ಇಡಲೇಬೇಕು. ಅವರ ಉತ್ತರವೂ ಸರಿ ಅನಿಸದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಗ್ರೀವನ್ಸ್ ಅಪೆಲೇಟ್ ಕಮಿಟಿಗೆ ಆನ್‌ಲೈನ್‌ನಲ್ಲೇ ಮೇಲ್ಮನವಿ ಹಾಕಬಹುದು. ಈ ಸಮಿತಿಗಳು 2023ರಿಂದ ಇವೆ. ಆದರೂ ನನಗೆ ಬರುವ ಪತ್ರಗಳಲ್ಲಿ ಇದರ ಹೆಸರೇ ಇರುವುದಿಲ್ಲ, ಟೆಲಿಗ್ರಾಂ ಏಜೆಂಟರ ಹೆಸರು ಮಾತ್ರ ಎಲ್ಲರಿಗೂ ಗೊತ್ತು! ಇಷ್ಟೆಲ್ಲ ಮಾಡಿದರೂ ನಂಬರ್ ವಾಪಸ್ ಸಿಕ್ಕೇ ಸಿಗುತ್ತದೆ ಎಂದು ನಾನು ಮಾತು ಕೊಡಲಾರೆ.

ಬ್ಯಾನ್ ಯಾಕಾಯಿತು ಎಂಬುದನ್ನೂ ತಿಳಿದುಕೊಳ್ಳಿ. ಸಾಮಾನ್ಯ ಚಾಟ್‌ಗಳನ್ನು ಕಂಪನಿ ಓದಲು ಆಗುವುದಿಲ್ಲ. ಅದು ನೋಡುವುದು ನಡವಳಿಕೆ: ಎಷ್ಟು ಅಪರಿಚಿತರಿಗೆ ಎಷ್ಟು ಬೇಗ ಕಳಿಸಿದಿರಿ, ಎಷ್ಟು ಜನ ನಿಮ್ಮನ್ನು ಬ್ಲಾಕ್ ಅಥವಾ ರಿಪೋರ್ಟ್ ಮಾಡಿದರು. ಒಬ್ಬರು ರಿಪೋರ್ಟ್ ಒತ್ತಿದರೆ ನೀವು ಅವರಿಗೆ ಕಳಿಸಿದ ಕೊನೆಯ 5 ಮೆಸೇಜ್‌ಗಳವರೆಗೆ ಕಂಪನಿಗೆ ಹೋಗುತ್ತವೆ. ಬಿಲ್ ಮಾಡುವಾಗ ನಂಬರ್ ಕೊಟ್ಟವರೆಲ್ಲ ದಿನಾ ಸೀರೆ ಫೋಟೊ ನೋಡಲು ಒಪ್ಪಿದ್ದಾರೆ ಎಂದಲ್ಲ, ಅಲ್ವಾ? ಬ್ರಾಡ್‌ಕಾಸ್ಟ್ ಲಿಸ್ಟ್ ಬಳಸಿ. ಒಂದು ಲಿಸ್ಟ್‌ನಲ್ಲಿ 256 ಜನರನ್ನು ಹಾಕಬಹುದು, ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ತಲುಪುತ್ತದೆ. ‘ಹೊಸ ಸ್ಟಾಕ್ ಬೇಕಿದ್ದರೆ ನಮ್ಮ ನಂಬರ್ ಸೇವ್ ಮಾಡಿಕೊಂಡು ಒಂದು ಹಾಯ್ ಕಳಿಸಿ’ ಎಂದು ಕೌಂಟರ್ ಮೇಲೆ ಬರೆದಿಡಿ. ಬಿಸಿನೆಸ್ ಆ್ಯಪ್ ಹಾಕಿದರೆ ಎಷ್ಟು ಬೇಕಾದರೂ ಕಳಿಸಬಹುದು ಎಂಬುದೂ ಸುಳ್ಳು.

ಪ್ರಶ್ನೆ: ಜಿಬಿ ವಾಟ್ಸ್‌ಆ್ಯಪ್ ಹಾಕಿದ್ದೆ. ಬ್ಯಾನ್ ಆಗಿ ಟೈಮರ್ ಓಡುತ್ತಿದೆ.

ಅದು ಹೊರಗಿನವರು ತಿದ್ದಿ ಮಾಡಿದ ವಾಟ್ಸ್‌ಆ್ಯಪ್. ಅದನ್ನು ತೆಗೆದು ಅಸಲಿ ಆ್ಯಪ್ ಹಾಕಿ, ಟೈಮರ್ ಮುಗಿಯಲಿ. ಬ್ಯಾನ್ ಆಗದ ಹೊಸ ವರ್ಷನ್ ಲಿಂಕ್ ಕೊಡಿ ಎಂದು ಇನ್ನು ಮುಂದೆ ನನಗೆ ಬರೆಯಬೇಡಿ.

ಪ್ರಶ್ನೆ: ನಿನ್ನೆಯಷ್ಟೇ ಹೊಸ ಸಿಮ್ ತಗೊಂಡೆ. ಆಗಲೇ ಬ್ಯಾನ್!

ಆ ನಂಬರ್ ಮೊದಲು ಬೇರೆಯವರ ಹತ್ತಿರ ಇದ್ದಿರಬಹುದು. ನಿಂತ ನಂಬರ್‌ಗಳನ್ನು ಸಿಮ್ ಕಂಪನಿಗಳು ಕನಿಷ್ಠ 90 ದಿನ ಬಿಟ್ಟು ಹೊಸಬರಿಗೆ ಕೊಡುತ್ತವೆ. ಮರುಪರಿಶೀಲನೆಯಲ್ಲಿ ಸಿಮ್ ಖರೀದಿಸಿದ ದಿನಾಂಕ ಬರೆಯಿರಿ.

ಪ್ರಶ್ನೆ: ವಾಟ್ಸ್‌ಆ್ಯಪ್‌ನಲ್ಲಿ ಆರ್‌ಟಿಒ ಚಲನ್ ಹೆಸರಿನ ಎಪಿಕೆ (ಆ್ಯಪ್ ಹಾಕುವ ಫೈಲ್) ಬಂತು. ಹಾಕಿದರೆ ‘ರಿಸ್ಟ್ರಿಕ್ಟೆಡ್ ಸೆಟ್ಟಿಂಗ್’ ಎಂದು ಫೋನ್ ತಡೆಯುತ್ತಿದೆ. ತೆಗೆಯುವುದು ಹೇಗೆ?

ಆ ತಡೆಯೇ ನಿಮ್ಮ ಬ್ಯಾಂಕ್ ಖಾತೆಯನ್ನು ಉಳಿಸಿರಬಹುದು. ಅದನ್ನು ತೆಗೆಯುವ ದಾರಿ ಫೋನಿನಲ್ಲೇ ಇದೆ, ನಾನು ಹೇಳುವುದಿಲ್ಲ. ಸ್ಟೋರ್ ಬಿಟ್ಟು ಹೊರಗಿನಿಂದ ಬಂದ ಆ್ಯಪ್‌ಗೆ ಆ್ಯಕ್ಸೆಸಿಬಿಲಿಟಿ, ನೋಟಿಫಿಕೇಶನ್‌ನಂಥ ಅನುಮತಿ ಸಲೀಸಾಗಿ ಸಿಗಬಾರದೆಂದೇ ಆಂಡ್ರಾಯ್ಡ್ 13ರಲ್ಲಿ ಇದನ್ನು ತಂದರು. ಆ ಅನುಮತಿ ಸಿಕ್ಕಿದರೆ ನಿಮ್ಮ ಓಟಿಪಿ ಕಳ್ಳನ ಕಣ್ಣಿಗೆ ಬೀಳುತ್ತದೆ. ಚಲನ್ ಇದೆಯೋ ಇಲ್ಲವೋ ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನೋಡಿ. ಆ್ಯಪ್ ಈಗಾಗಲೇ ಒಳಗೆ ಕೂತಿದ್ದರೆ ಏರೋಪ್ಲೇನ್ ಮೋಡ್ ಹಾಕಿ ಅದನ್ನು ಅಳಿಸಿ, ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ.

ಪ್ರಶ್ನೆ: ಬ್ಯಾಂಕ್ ಆ್ಯಪ್ ತೆರೆಯುತ್ತಿಲ್ಲ, ಡೆವಲಪರ್ ಆಪ್ಷನ್ ಆನ್ ಇದೆ ಅನ್ನುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿ.

ಪ್ರಶ್ನೆ: ನನಗೆ 14 ವರ್ಷ. ನನ್ನ ಫೋನ್ ಮೇಲೆ ನಿಗಾ ಇಡಲು ಅಪ್ಪ ಹಾಕಿರುವ ಫ್ಯಾಮಿಲಿ ಲಿಂಕ್ ಆ್ಯಪ್ ಗೊತ್ತಾಗದಂತೆ ತೆಗೆಯುವುದು ಹೇಗೆ?

ನಾನು ಹೇಳಿಕೊಡುವುದಿಲ್ಲ, ಪುಟ್ಟ. ಯಾವ ಆ್ಯಪ್ ಯಾಕೆ ಬೇಕು ಅಂತ ಅಪ್ಪನ ಹತ್ತಿರವೇ ಕೇಳು. ಓದಿಗೆ ಬೇಕಾದ ಆ್ಯಪ್ ನಿಂತಿದ್ದರೆ ಅವರ ಫೋನಿನಿಂದಲೇ ಬಿಡಿಸಬಹುದು.

ಪ್ರಶ್ನೆ: ವಿಪಿಎನ್ ಹಾಕಿ ಟಿಕ್‌ಟಾಕ್ ನೋಡಬಹುದೇ?

2020ರ ಜೂನ್‌ನಲ್ಲಿ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಒಂದು. ಇದಕ್ಕೆ ನಾನು ದಾರಿ ತೋರಿಸುವುದಿಲ್ಲ. ಆ ಹೆಸರಿನಲ್ಲಿ ಓಡಾಡುವ ಎಪಿಕೆಗಳನ್ನಂತೂ ಮುಟ್ಟಲೇಬೇಡಿ.