20 ಸಾವಿರ ಬಂಡವಾಳದಲ್ಲಿ ಇಳಕಲ್ ಸೀರೆ ತಂದು ಆನ್‌ಲೈನ್‌ನಲ್ಲಿ ಮಾರಬಹುದೇ? ಹೇಗೆ ಶುರು ಮಾಡಲಿ?

ನೀವು ಬಾಗಲಕೋಟೆಯಲ್ಲೇ ಇದ್ದೀರಿ, ಕೈಯಲ್ಲಿ 20 ಸಾವಿರ ಇದೆ, ವಾಟ್ಸಾಪ್ ಮತ್ತು ಇನ್‌ಸ್ಟಾಗ್ರಾಂನಲ್ಲಿ ಇಳಕಲ್ ಸೀರೆ ಮಾರಬೇಕು ಅಂದಿದ್ದೀರಿ. ಯಾವುದೋ ಗ್ರೂಪಿನವರು "ಬಂಡವಾಳವೇ ಬೇಡ, ನಾವು ಕಳಿಸಿದ ಫೋಟೋ ಫಾರ್ವರ್ಡ್ ಮಾಡಿ, ಆರ್ಡರ್ ಬಂದರೆ ನಾವೇ ಪಾರ್ಸೆಲ್ ಮಾಡ್ತೀವಿ" ಎಂದು ಕರೆಯುತ್ತಿದ್ದಾರೆ, ಸೇರಲೇ, ಬೇಡವೇ ಎಂದೂ ಕೇಳಿದ್ದೀರಿ.

ಸೇರಬೇಡಿ. ನಾನೂ ಇದೇ ಜಿಲ್ಲೆಯವಳು. ಇಳಕಲ್ ಸೀರೆ, ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ) ಮಾರಿಯೇ ಮನೆಖರ್ಚಿನ ದೊಡ್ಡ ಪಾಲು ತೂಗಿಸುತ್ತೇನೆ, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ. ಆ ಫೋಟೋ ನಿಮ್ಮ ಮೊಬೈಲಿಗೆ ಬರುವಷ್ಟರಲ್ಲಿ ಹತ್ತಾರು ಗ್ರೂಪು ಸುತ್ತಿರುತ್ತದೆ. ನಿಮ್ಮ ಗಿರಾಕಿ ದುಡ್ಡು ಹಾಕಿದ ಮೇಲೆ "ಆ ಪೀಸ್ ಖಾಲಿ, ಇದನ್ನ ತೋರಿಸಿ" ಅನ್ನುತ್ತಾರೆ. ಬಣ್ಣ ಬೇರೆ ಬಂದರೆ, ದಡಿ ಹರಿದಿದ್ದರೆ ಗಿರಾಕಿ ಬೈಯುವುದು ನಿಮ್ಮನ್ನು. ಸೀರೆಯನ್ನು ನೀವು ಕಣ್ಣಿಂದ ಕಂಡೇ ಇರುವುದಿಲ್ಲ, ಏನಂತ ಉತ್ತರ ಕೊಡುತ್ತೀರಿ?

ಬೆಂಗಳೂರಿನಲ್ಲಿ ಕೂತು ಇಳಕಲ್ ಸೀರೆ ಮಾರುವವರಿಗೆ ಇಲ್ಲದ ಒಂದು ಅನುಕೂಲ ನಿಮಗಿದೆ. ಬೆಳಿಗ್ಗೆ ಬಸ್ ಹತ್ತಿದರೆ ಮಧ್ಯಾಹ್ನಕ್ಕೆ ಮುಂಚೆ ಇಳಕಲ್‌ನಲ್ಲಿ ಇರುತ್ತೀರಿ. ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್‌ನಿಂದ, ಸಾದಾ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡೂ ಇಲ್ಲ. ಮಾಲನ್ನು ಮುಟ್ಟಿ, ತಿರುವಿ, ಬೆಳಕಿಗೆ ಹಿಡಿದು ನೋಡಿ ತರಬಹುದು. ನಿಮ್ಮ ಇಡೀ ವ್ಯಾಪಾರ ನಿಲ್ಲಬೇಕಾದದ್ದು ಇದರ ಮೇಲೆ: ನೀವು ಏನು ಬರೆದಿರುತ್ತೀರೋ ಪಾರ್ಸೆಲ್‌ನಲ್ಲಿ ಅದೇ ಇರಬೇಕು. ಅಷ್ಟು ನಂಬಿಕೆ ಹುಟ್ಟಿತೆಂದರೆ ರೇಟಿನ ಪೈಪೋಟಿಗೆ ನೀವು ಇಳಿಯಬೇಕಾಗಿಲ್ಲ. ಮೀಶೋದಂಥ ಕಡೆ "ಇಳಕಲ್" ಎಂದು ಹುಡುಕಿ ನೋಡಿ, ಅಲ್ಲಿನ ರೇಟಿಗೆ ನಿಮಗೆ ಕೈಮಗ್ಗದ ಸೀರೆ ಹುಟ್ಟುವುದೇ ಇಲ್ಲ.

ಹಾಗಾಗಿ ಮೊದಲು ಮಾಲು ಕಲಿಯಿರಿ. ಇಳಕಲ್ ಸೀರೆಯ ಜೀವ ಇರುವುದು ಕೊಂಡಿಯಲ್ಲಿ. ಒಡಲಿನ ಹಾಸಿನ (ಉದ್ದಕ್ಕೆ ಓಡುವ) ಎಳೆಗಳೇ ಬೇರೆ, ಸೆರಗಿನ ಹಾಸಿನ ಎಳೆಗಳೇ ಬೇರೆ. ಎರಡನ್ನೂ ಒಂದೊಂದಾಗಿ ಕುಣಿಕೆ ಮಾಡಿ ಒಂದರೊಳಗೊಂದು ಸಿಕ್ಕಿಸುತ್ತಾರೆ, ಇದೇ ಕೊಂಡಿ. ಮನೆಯ ಪಡಸಾಲೆಯಲ್ಲಿ ಹೆಣ್ಣುಮಕ್ಕಳು ಕೂತು ತಲೆ ಎತ್ತದೆ ಎಳೆ ಎಳೆಗೆ ಕೊಂಡಿ ಹಾಕುವುದನ್ನು ಒಮ್ಮೆ ನಿಂತು ನೋಡಿ, ಆಮೇಲೆ ಗಿರಾಕಿ "ಯಾಕ್ರೀ ಇಷ್ಟು ತುಟ್ಟಿ?" ಅಂದರೆ ಉತ್ತರ ತಾನಾಗಿ ಬರುತ್ತದೆ. ಕೊಂಡಿ ಇರುವ ಸೀರೆಯಲ್ಲಿ ಸೆರಗಿನ ಕೆಂಪು ಅಪ್ಪಟ ಕೆಂಪು, ಯಾಕೆಂದರೆ ಅಲ್ಲಿ ಹಾಸೂ ಕೆಂಪು, ಹೊಕ್ಕೂ (ಅಡ್ಡ ಎಳೆಯೂ) ಕೆಂಪು. ಕೊಂಡಿ ಇಲ್ಲದ್ದರಲ್ಲಿ ಒಡಲಿನ ಹಾಸೇ ಸೆರಗಿನ ತುದಿಯ ತನಕ ಓಡುತ್ತದೆ, ಆದ್ದರಿಂದ ಕೆಂಪಿನೊಳಗೆ ಒಡಲಿನ ಹಸಿರೋ ಕಪ್ಪೋ ಇಣುಕುತ್ತಿರುತ್ತದೆ. ಒಡಲು ಮತ್ತು ಸೆರಗು ಕೂಡುವ ಜಾಗವನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ, ಬೆರಳಾಡಿಸಿ. ಕೂಡಿಸಿದ ಗೆರೆ ಕಣ್ಣಿಗೂ ಕಾಣುತ್ತದೆ, ಬೆರಳಿಗೂ ಹತ್ತುತ್ತದೆ.

ಇನ್ನು ನೂಲು. ಹತ್ತಿ ಒಡಲಿಗೆ ಹತ್ತಿ ಸೆರಗು ಇರುತ್ತದೆ, ಹತ್ತಿ ಒಡಲಿಗೆ ರೇಷ್ಮೆ ಸೆರಗು ಇರುತ್ತದೆ, ಪೂರ್ತಿ ರೇಷ್ಮೆಯೂ ಇರುತ್ತದೆ. ಚಮಕಾ ಅಂದರೆ ಆರ್ಟ್ ಸಿಲ್ಕ್ (ಕೃತಕ ರೇಷ್ಮೆ), ನಿಜವಾದ ರೇಷ್ಮೆಯಲ್ಲ. ಅದನ್ನು ರೇಷ್ಮೆ ಎಂದು ಹೇಳಿ ಕೊಡುವವರು ಇದ್ದಾರೆ. ಅನುಮಾನ ಬಂದರೆ ಸೆರಗಿನ ತುದಿಯಿಂದ ಒಂದು ಎಳೆ ಕಿತ್ತು ಸುಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಮುಟ್ಟಿದರೆ ಪುಡಿ. ಆರ್ಟ್ ಸಿಲ್ಕ್ ಕಾಗದದಂತೆ ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಬಿಳಿ ಬಟ್ಟೆ ಒದ್ದೆ ಮಾಡಿ ಸೆರಗಿನ ಒಳಗಡೆ ಒಮ್ಮೆ ಉಜ್ಜಿ, ಬಣ್ಣ ಹತ್ತಿದರೆ ಆ ಸೀರೆ ತರಬೇಡಿ. ತಂದರೂ "ಮೊದಲ ಸಲ ಡ್ರೈಕ್ಲೀನ್‌ಗೇ ಕೊಡಿ" ಎಂದು ಸ್ಪಷ್ಟವಾಗಿ ಬರೆಯಿರಿ.

ಪವರ್‌ಲೂಮ್ (ಯಂತ್ರದ ಮಗ್ಗದ) ಸೀರೆ ಮಾರಬಾರದು ಅಂತಲ್ಲ. ದಿನಬಳಕೆಗೆ, ಮದುವೆಯಲ್ಲಿ ಆಯೇರು ಕೊಡುವುದಕ್ಕೆ ಜನ ಅದನ್ನೇ ಕೇಳುತ್ತಾರೆ. ನಾನೂ ಇಡುತ್ತೇನೆ, ಪಕ್ಕದಲ್ಲಿ "ಪವರ್‌ಲೂಮ್" ಎಂದು ಬರೆದೇ ಇಡುತ್ತೇನೆ. ಇಳಕಲ್ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಜಿಐ ಮಾನ್ಯತೆ ಇದೆ, ಅಂದರೆ ಆ ಹೆಸರು ಆ ಕಡೆಯ ನೇಯ್ಗೆಗೇ ಮೀಸಲು. ಬೇರೆಲ್ಲೋ ನೇಯ್ದ ನಕಲಿಗೆ ಇಳಕಲ್ ಹೆಸರು ಹಚ್ಚಿ ಮಾರುವುದು ಕಾನೂನಿನ ಪ್ರಕಾರವೂ ತಪ್ಪು. "ನೇಕಾರರಿಂದ ನೇರವಾಗಿ" ಎಂಬ ಮಾತನ್ನೂ ಸುಮ್ಮನೆ ಬರೆಯಬೇಡಿ. ಇಳಕಲ್‌ನಲ್ಲಿ ಬಹಳಷ್ಟು ನೇಕಾರರು ಸಾವ್ಕಾರರು ಕೊಟ್ಟ ನೂಲನ್ನು ಕೂಲಿಗೆ ನೇಯುತ್ತಾರೆ. ನೀವು ಸೀರೆ ತಂದದ್ದು ಆ ಸಾವ್ಕಾರರ ಅಂಗಡಿಯಿಂದಲಾದರೆ ಹಾಗೆಂದೇ ಹೇಳಿ. ಮಗ್ಗದಲ್ಲಿ ಕೂತವರ ಹೆಸರು ಹೇಳಿಕೊಂಡು ಅವರಿಗೆ ಒಂದು ಪೈಸೆಯೂ ಹೆಚ್ಚಿಗೆ ತಲುಪದ ವ್ಯಾಪಾರ ನನಗೆ ಸರಿಬರುವುದಿಲ್ಲ.

ನಿಮ್ಮ 20 ಸಾವಿರವನ್ನು ಒಂದೇ ಸಲ ಸೀರೆಗೆ ಸುರಿಯಬೇಡಿ. 12 ಸಾವಿರಕ್ಕೆ ಮಾಲು ತನ್ನಿ, ಉಳಿದದ್ದು ಕೊರಿಯರ್‌ಗೆ, ಗಿರಾಕಿಗೆ ದುಡ್ಡು ವಾಪಸ್ ಕೊಡುವ ಪ್ರಸಂಗ ಬಂದರೆ ಅದಕ್ಕೆ, ಹಬ್ಬದ ಮುಂಚೆ ಓಡುವ ಬಣ್ಣ ಇನ್ನೊಮ್ಮೆ ತರುವುದಕ್ಕೆ ಇರಲಿ. ಆ 12 ಸಾವಿರದಲ್ಲೂ ಒಂದು ಪಾಲು ಖಣಕ್ಕೆ ಇಡಿ. ಖಣ ಹಗುರ, ಕಳಿಸುವ ಖರ್ಚು ಕಡಿಮೆ, ಸೈಜಿನ ತಕರಾರಿಲ್ಲ, ಕುಪ್ಪಸಕ್ಕಷ್ಟೇ ಅಲ್ಲದೆ ಈಗ ಬ್ಯಾಗಿಗೆ, ಮಕ್ಕಳ ಫ್ರಾಕಿಗೆ, ತೋರಣಕ್ಕೂ ಕೇಳುತ್ತಾರೆ. ಹೊರಗಿನ ಗಿರಾಕಿಗಳು ಮೊದಲು ಕೇಳುವುದೇ "ಬ್ಲೌಸ್ ಪೀಸ್ ಇದೆಯಾ?" ಅಂತ. ಹಳೇ ಪದ್ಧತಿಯ ಇಳಕಲ್ ಸೀರೆಗೆ ಬ್ಲೌಸ್ ಪೀಸ್ ಇರುವುದಿಲ್ಲ, ನಮ್ಮಲ್ಲಿ ಅದರ ಮೇಲೆ ಖಣದ ಕುಪ್ಪಸವೇ ರೂಢಿ. ಸೀರೆಯ ಬಣ್ಣಕ್ಕೆ ಒಪ್ಪುವ ಖಣ ಜೋಡಿಸಿ ಎರಡನ್ನೂ ಒಂದೇ ಫೋಟೋದಲ್ಲಿ ತೋರಿಸಿ, ಜೋಡಿಯಾಗಿಯೇ ಹೋಗುತ್ತದೆ.

ಲೆಕ್ಕದ ಮಾತಿಗೆ ಬರುತ್ತೇನೆ, ಹೊಸಬರು ಎಡವುವುದು ಇಲ್ಲೇ. 1,100ಕ್ಕೆ ತಂದ ಸೀರೆ 1,500ಕ್ಕೆ ಹೋಯಿತು ಅನ್ನಿ. 400 ಉಳಿಯಿತು ಅನ್ನಿಸುತ್ತದೆ. ಕೊರಿಯರ್ 90, ಕವರ್, ಪ್ಲಾಸ್ಟಿಕ್, ಟೇಪು ಸೇರಿ 20. ಕೈಗೆ ಬಂದದ್ದು 290. ಗಿರಾಕಿ "ಹತ್ತು ಪರ್ಸೆಂಟ್ ಬಿಡ್ರೀ" ಅಂದಾಗ 150 ಬಿಟ್ಟರೆ ಲಾಭದ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋಯಿತು. ಈಗ ಕ್ಯಾಶ್ ಆನ್ ಡೆಲಿವರಿ ನೋಡಿ. ಹತ್ತು ಪಾರ್ಸೆಲ್ ಕಳಿಸಿದಿರಿ, ಎಲ್ಲಾ ತಲುಪಿದರೆ 2,900. ಮೂರು ಮಂದಿ ಫೋನ್ ಎತ್ತದೆ ಪಾರ್ಸೆಲ್ ವಾಪಸ್ ಬಂದರೆ ಏಳಕ್ಕೆ 2,030 ಸಿಗುತ್ತದೆ. ಆ ಮೂರಕ್ಕೆ ಹೋಗುವ, ಬರುವ ಕೊರಿಯರ್ ಮತ್ತು ಕವರ್ ಸೇರಿ ತಲಾ 200, ಒಟ್ಟು 600 ಕಳೆಯಿರಿ. ಉಳಿದದ್ದು 1,430, ಅರ್ಧಕ್ಕಿಂತಲೂ ಕಡಿಮೆ. ಮೇಲೆ ಆ ಮೂರೂ ಸೀರೆ ಎರಡು ಮೂರು ವಾರ ದಾರಿಯಲ್ಲೇ ಸಿಕ್ಕಿಕೊಂಡಿರುತ್ತವೆ, ಹಬ್ಬ ಮುಗಿದ ಮೇಲೆ ಮುದುಡಿಕೊಂಡು ಮನೆಗೆ ಬರುತ್ತವೆ. ಶುರುವಿನಲ್ಲಿ ಕ್ಯಾಶ್ ಆನ್ ಡೆಲಿವರಿ ಬೇಡವೇ ಬೇಡ. ತೀರಾ ಕೇಳಿದರೆ ಹೋಗಿಬರುವ ಕೊರಿಯರ್ ಖರ್ಚಿನಷ್ಟು ದುಡ್ಡು ಮುಂಗಡ ತಗೊಂಡು ಕಳಿಸಿ.

ಫೋಟೋಗೆ ದೊಡ್ಡ ಕ್ಯಾಮೆರಾ ಬೇಕಿಲ್ಲ, ಒಳ್ಳೆಯ ಬೆಳಕು ಬೇಕು. ನಮ್ಮ ಕಡೆಯ ಮಧ್ಯಾಹ್ನದ ಬಿಸಿಲಿಗೆ ಎಲ್ಲಾ ಬಣ್ಣವೂ ತೊಳೆದಂತೆ ಕಾಣುತ್ತದೆ, ಟ್ಯೂಬ್‌ಲೈಟಿನಲ್ಲಿ ಹಸಿರು ನೀಲಿಯಾಗುತ್ತದೆ. ಬೆಳಿಗ್ಗೆ ಬಾಗಿಲ ಕಟ್ಟೆಯ ನೆರಳಿನಲ್ಲಿ ಹರಡಿ, ಪಕ್ಕದಲ್ಲೊಂದು ಬಿಳಿ ಹಾಳೆ ಇಟ್ಟು ತೆಗೆಯಿರಿ. ಹಾಳೆ ಬಿಳಿಯಾಗಿಯೇ ಕಂಡರೆ ಸೀರೆಯ ಬಣ್ಣವೂ ಹೆಚ್ಚುಕಡಿಮೆ ಸರಿ ಬಂದಿದೆ ಅಂತ ಅರ್ಥ. ಫಿಲ್ಟರ್ ಹಾಕಬೇಡಿ. ಪೂರ್ತಿ ಸೀರೆಯದೊಂದು, ದಡಿಯದೊಂದು, ತೋಪುತೆನೆ (ಕೆಂಪು-ಬಿಳಿ ಚಿತ್ತಾರದ) ಸೆರಗಿನದೊಂದು, ಕೊಂಡಿಯ ಗೆರೆಯದೊಂದು, ಆಮೇಲೆ ಕೈಯಲ್ಲಿ ಹಿಡಿದು ಅಲುಗಾಡಿಸಿದ ಸಣ್ಣ ವಿಡಿಯೋ. ಎಳೆ ಗಂಟು ಬಿದ್ದಿದ್ದರೆ ಅದರದ್ದೂ ಒಂದು ಫೋಟೋ ಹಾಕಿ. ಮೈಸೂರಿನ ಒಬ್ಬರು ನನ್ನಲ್ಲಿ ಗಂಟು ತೋರಿಸಿದ ಸೀರೆಯನ್ನೇ ಆರಿಸಿದರು. "ತಪ್ಪು ನೀವ ತೋರಿಸೀರಲ್ರೀ ಅಕ್ಕಾರ, ಉಳಿದದ್ದು ನಂಬಬಹುದು" ಅಂದರು, ಮೂಲ ನಮ್ಮ ಹುನಗುಂದ ಕಡೆಯವರಂತೆ. ಉದ್ದವನ್ನು ಟೇಪು ಹಿಡಿದು ಅಳೆದೇ ಬರೆಯಿರಿ. ಕಚ್ಚೆ ಹಾಕುವ ಹಿರಿಯರಿಗೆಂದು ಒಂಬತ್ತು ಗಜದ್ದು ಕೇಳುವವರೂ ಬರುತ್ತಾರೆ, ಅಂದಾಜಿನ ಮೇಲೆ ಹೇಳಿದರೆ ನಡೆಯುವುದಿಲ್ಲ.

ವಾಟ್ಸಾಪ್ ಬಿಸಿನೆಸ್ ಹಾಕಿಕೊಂಡು ಕ್ಯಾಟಲಾಗ್‌ನಲ್ಲಿ ರೇಟು ಸಮೇತ ಇಡಿ. "ರೇಟಿಗೆ ಮೆಸೇಜ್ ಮಾಡಿ" ಅಂದರೆ ಅರ್ಧ ಮಂದಿ ಮುಂದಕ್ಕೆ ಹೋಗುತ್ತಾರೆ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ (ಒಂದೇ ಮೆಸೇಜ್ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುವ ಪಟ್ಟಿ) 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಮೊದಲ ಮಾರಾಟದ ದಿನವೇ ಸೇವ್ ಮಾಡಿಕೊಳ್ಳಲು ಕೇಳಿಬಿಡಿ.

ಪಾರ್ಸೆಲ್‌ಗೆ ಡಬ್ಬಿ ಬೇಡ. ಬಹಳ ಕೊರಿಯರ್‌ನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿದ ತೂಕ ಹಿಡಿಯುತ್ತಾರೆ. ಅರ್ಧ ಕೆ.ಜಿ.ಯ ಸೀರೆಯನ್ನು 30, 25, 10ರ ಡಬ್ಬಿಯಲ್ಲಿಟ್ಟರೆ ಒಂದೂವರೆ ಕೆ.ಜಿ.ಗೆ ದುಡ್ಡು ಕಟ್ಟಬೇಕಾಗುತ್ತದೆ. ಮಡಿಸಿ, ಪ್ಲಾಸ್ಟಿಕ್ ಸುತ್ತಿ, ಗಟ್ಟಿ ಕವರಿನಲ್ಲಿ ಕಳಿಸಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಎರಡು ಸುತ್ತು ಇರಲಿ. ಹಳ್ಳಿಯ ಪಿನ್‌ಕೋಡಿಗೆ ಸ್ಪೀಡ್ ಪೋಸ್ಟೇ ವಾಸಿ, ಖಾಸಗಿಯವರು ತಾಲೂಕಿನಲ್ಲಿ ಇಟ್ಟು "ಬಂದು ತಗೊಂಡು ಹೋಗ್ರಿ" ಅನ್ನುವುದುಂಟು. ಪ್ಯಾಕ್ ಮಾಡುವಾಗ ಸೀರೆ, ವಿಳಾಸ ಎರಡೂ ಕಾಣುವಂತೆ ವಿಡಿಯೋ ತೆಗೆದಿಡಿ. ಅಂದ ಹಾಗೆ ಗಿರಾಕಿಗಳು "ಅಮೀನಗಡದ ಕರದಂಟು ಒಂದು ಕೆ.ಜಿ. ಅದರಾಗ ಹಾಕ್ರಿ" ಅನ್ನುತ್ತಾರೆ. ತುಪ್ಪದ ಜಿಡ್ಡು ಸೀರೆಗೆ ಹತ್ತಿದರೆ ಮುಗಿಯಿತು. ತಿನಿಸು ಮಾರಲು ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಬೇಕು. ಅದನ್ನು ಬೇರೆಯವರಿಗೇ ಬಿಡಿ.

ದುಡ್ಡು ಬಂದಿದೆಯೋ ಇಲ್ಲವೋ ಎಂಬುದನ್ನು ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ನಂಬಬೇಡಿ, ನಿಮ್ಮ ಖಾತೆ ನೋಡಿ. ಹಣ ಪಡೆಯಲು ಯಾವತ್ತೂ ಯುಪಿಐ ಪಿನ್ ಹಾಕಬೇಕಿಲ್ಲ, ಹಾಕಿ ಅನ್ನುವವರು ಕಳ್ಳರು. ಹಾಗೇನಾದರೂ ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ವ್ಯಾಪಾರಕ್ಕೆಂದೇ ಒಂದು ಖಾತೆ, ಒಂದು ಯುಪಿಐ ಇರಲಿ. 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಮನೆಯ ದುಡ್ಡು, ಅಂಗಡಿಯ ದುಡ್ಡು ಕಲಸಿಕೊಂಡಿದ್ದವರೇ ಹೆಚ್ಚು ಒದ್ದಾಡಿದ್ದನ್ನು ನೋಡಿದ್ದೇನೆ. ನಮ್ಮ ರಾಜ್ಯದೊಳಗೆ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ವಹಿವಾಟು ದಾಟುವ ತನಕ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. 2023ರ ಅಕ್ಟೋಬರ್ 1ರಿಂದ ಅಮೆಜಾನ್, ಮೀಶೋದಂಥ ಕಡೆಯೂ ಸಣ್ಣವರು ಜಿಎಸ್‌ಟಿ ಪೋರ್ಟಲ್‌ನಲ್ಲಿ ದಾಖಲಾತಿ ಸಂಖ್ಯೆ ಪಡೆದು ರಾಜ್ಯದೊಳಗೆ ಮಾರಬಹುದು. ಆದರೆ ಸೊಲ್ಲಾಪುರ, ಸಾಂಗಲಿ, ಪುಣೆ ಅಂದರೆ ಬೇರೆ ರಾಜ್ಯ. ಗಡಿ ದಾಟಿಸಿ ಮಾರಿದರೆ ವಹಿವಾಟು ಎಷ್ಟೇ ಸಣ್ಣದಿದ್ದರೂ ಸಾಮಾನ್ಯವಾಗಿ ನೋಂದಣಿ ಬೇಕಾಗುತ್ತದೆ. ಅಲ್ಲಿಂದ ಆರ್ಡರ್ ಬರತೊಡಗಿದ ಕೂಡಲೇ ಊರಿನ ಸಿಎ ಒಬ್ಬರ ಬಳಿ ಕೂತು ಮಾತಾಡಿ. ಆ ಫೀಸು ದಂಡವಲ್ಲ.

ಯಾವಾಗ ಶುರು ಮಾಡಲಿ ಎಂದಿರಿ. ನಾಗರ ಪಂಚಮಿಗೆ ಒಂದೂವರೆ ತಿಂಗಳು ಮುಂಚೆ ಮಾಲು ಕೈಯಲ್ಲಿರಬೇಕು. ತವರಿಗೆ ಬರುವ ಹೆಣ್ಣುಮಕ್ಕಳಿಗೆ ಸೀರೆ ತರುವುದು ಆಗಲೇ. ಅಲ್ಲಿಂದ ದಸರಾ, ದೀಪಾವಳಿ, ನವೆಂಬರಿನ ರಾಜ್ಯೋತ್ಸವದ ತನಕ ಒಂದೇ ಓಟ. ರಾಜ್ಯೋತ್ಸವಕ್ಕೆ ಆಫೀಸು, ಕಾಲೇಜಿನವರು ಎಲ್ಲರೂ ಸೇರಿ ಒಂದೇ ಥರದ್ದು ಕೇಳುತ್ತಾರೆ, ಅಂಥ ಆರ್ಡರಿಗೆ ಅರ್ಧ ಮುಂಗಡ ತಗೊಂಡೇ ಇಳಕಲ್‌ಗೆ ಹೇಳಿ.

ಕೊನೆಯದಾಗಿ ಉದ್ರಿ. ಮೊದಲ ಗಿರಾಕಿಗಳು ನೆಂಟರು, ಓಣಿಯವರೇ ಆಗಿರುತ್ತಾರೆ. "ಪಗಾರ ಆದಮ್ಯಾಲ ಕೊಡ್ತೀನಿ ತಂಗಿ" ಅಂದರೆ ಇಲ್ಲ ಅನ್ನುವುದು ಕಷ್ಟ. 12 ಸಾವಿರದ ಮಾಲಿನಲ್ಲಿ ನಾಲ್ಕು ಸೀರೆ ಉದ್ರಿ ಹೋದರೆ ಮುಂದಿನ ಸಲ ಇಳಕಲ್‌ಗೆ ಹೋಗಲು ಕೈಯಲ್ಲಿ ದುಡ್ಡೇ ಇರುವುದಿಲ್ಲ. ನಾನು ಸೀರೆ ತೆಗೆದಿಡುತ್ತೇನೆ, ಅವರು ವಾರಕ್ಕಿಷ್ಟು ಎಂದು ಕಟ್ಟುತ್ತಾರೆ, ಪೂರ್ತಿಯಾದ ದಿನ ಒಯ್ಯುತ್ತಾರೆ. ವಹಿಯಲ್ಲಿ ಅವರೆದುರಿಗೇ ಬರೆಯುತ್ತೇನೆ. ನಮ್ಮ ಸೋದರತ್ತೆಗೂ ಹಾಗೇ ಮಾಡಿದ್ದೇನೆ, ಈಗ ಅವರೇ ಓಣಿಯವರನ್ನು ಕರಕೊಂಡು ಬರುತ್ತಾರೆ.