ಪ್ರೋಟೀನ್ ಅಗ್ರಿಗೇಷನ್, ಅಂದರೆ ಪ್ರೋಟೀನ್‌ಗಳು ಒಂದಕ್ಕೊಂದು ಅಂಟಿಕೊಳ್ಳುವುದರ ಮೇಲೆ ಪಿಎಚ್‌ಡಿ ಮಾಡಲು ಕಂಪ್ಯೂಟರ್ ಒಂದೇ ಸಾಕಾ? ಪ್ರೋಟೀನ್‌ನ ಆಕಾರ ಊಹಿಸುವ ಎಐ, ಆಲ್ಫಾಫೋಲ್ಡ್, ಬಂದ ಮೇಲೆ ಅಲ್ಲಿ ಇನ್ನೇನು ಉಳಿದಿದೆ?

ಎಂಎಸ್ಸಿ ಬಯೋಟೆಕ್ ಮುಗಿದಿದೆ, ಊರು ಮಂಡ್ಯ, ಲ್ಯಾಬ್ ಕೆಲಸ ಬೇಡ, ಲ್ಯಾಪ್‌ಟಾಪ್‌ನಲ್ಲೇ ಸಂಶೋಧನೆ ಮಾಡಬೇಕು ಅಂದಿದ್ದೀರಿ. ನಿಮ್ಮ ಜಾಗದಲ್ಲಿ ನಾನೂ ಇದ್ದೆ. ನಾನು ಮದ್ದೂರು ಕಡೆಯವನು. ಮಾನಸಗಂಗೋತ್ರಿಯಲ್ಲಿ ಓದಿ ಮೈಸೂರಿನಲ್ಲೇ ಪಿಎಚ್‌ಡಿಗೆ ಸೇರಿದೆ.

ನಾನು ಆರಿಸಿಕೊಂಡಿದ್ದು ಅಮೈಲಿನ್ ಅನ್ನುವ ಪ್ರೋಟೀನ್. ನಮ್ಮಮ್ಮನಿಗೆ ಸಕ್ಕರೆ ಕಾಯಿಲೆ, ಅದಕ್ಕೇ. ಇನ್ಸುಲಿನ್ ಮಾಡುವ ಜೀವಕೋಶಗಳೇ ಅದರ ಜೊತೆಗೆ ಅಮೈಲಿನ್ ಕೂಡ ಹೊರಬಿಡುತ್ತವೆ. 37 ಅಮೈನೋ ಆಮ್ಲಗಳ ಚಿಕ್ಕ ಸರ ಅದು. ಟೈಪ್ 2 ಡಯಾಬಿಟಿಸ್ ಇರುವ ಬಹಳಷ್ಟು ಜನರಲ್ಲಿ ಈ ಸರಗಳು ಒಂದಕ್ಕೊಂದು ಅಂಟಿ, ಎಳೆ ಎಳೆಯಾಗಿ ಆ ಜೀವಕೋಶಗಳ ಸುತ್ತಲೇ ಕೂತುಬಿಡುತ್ತವೆ. ಅಮೈಲಾಯ್ಡ್ ಅಂತಾರಲ್ಲ, ಅದೇ. ಬೆಕ್ಕಿಗೂ ಹೀಗಾಗುತ್ತದೆ. ಇಲಿಗೆ ಆಗುವುದಿಲ್ಲ.

ಇಲಿಗೆ ಯಾಕಿಲ್ಲ ಅನ್ನುವುದಕ್ಕೆ 1990ರಲ್ಲೇ ಉತ್ತರ ಸಿಕ್ಕಿತ್ತು. ಸರದ 20ರಿಂದ 29ರವರೆಗಿನ ತುಂಡು ಮುಖ್ಯ. ಇಲಿಯ ಅಮೈಲಿನ್‌ನಲ್ಲಿ 25, 28 ಮತ್ತು 29ನೇ ಜಾಗದಲ್ಲಿ ಪ್ರೋಲೀನ್ ಅನ್ನುವ ಅಮೈನೋ ಆಮ್ಲ ಇದೆ. ಮನುಷ್ಯನದರಲ್ಲಿ ಅಲ್ಲಿ ಪ್ರೋಲೀನ್ ಇಲ್ಲ. ಪ್ರೋಲೀನ್‌ನ ನೈಟ್ರೋಜನ್ ಒಂದು ಉಂಗುರದೊಳಗೆ ಸಿಕ್ಕಿಕೊಂಡಿರುತ್ತದೆ. ಪಕ್ಕದ ಸರಕ್ಕೆ ಬಂಧ ಕೊಡಲು ಅದರ ಬಳಿ ಹೈಡ್ರೋಜನ್ ಇರುವುದಿಲ್ಲ. ಹಾಗಾಗಿ ಸರಗಳು ಸಾಲಾಗಿ ನಿಲ್ಲುವುದು ಅಲ್ಲಿಗೇ ತಪ್ಪುತ್ತದೆ.

ಇದೆಲ್ಲ ನನಗೆ ಗೊತ್ತಿತ್ತು. ಥೀಸಿಸ್‌ನ ಮೊದಲ ಅಧ್ಯಾಯದಲ್ಲಿ ನಾನೇ ಬರೆದಿದ್ದೆ. ಆದರೆ ಕಂಪ್ಯೂಟರ್‌ಗೆ ಹಾಕಿದ್ದು ಮನುಷ್ಯನ ತುಂಡನ್ನು ಮಾತ್ರ.

ಅಣುಗಳ ಓಡಾಟವನ್ನು ಲೆಕ್ಕ ಹಾಕಿ ತೋರಿಸುವ (ಸಿಮ್ಯುಲೇಷನ್) ಸಾಫ್ಟ್‌ವೇರ್ ಗ್ರೋಮ್ಯಾಕ್ಸ್‌ನಲ್ಲಿ ಒಂದು ಡಬ್ಬಿ ಮಾಡಿ, ತುಂಡುಗಳನ್ನು ದೂರ ದೂರ ಇಟ್ಟು, ನೀರು ತುಂಬಿ ಬಿಟ್ಟೆ. ಒಂದೊಂದು ಹೆಜ್ಜೆಗೆ 2 ಫೆಮ್ಟೋಸೆಕೆಂಡ್, ಸೆಕೆಂಡಿನ ತೀರಾ ಸಣ್ಣ ಚೂರು. ಮಳೆಗಾಲದಲ್ಲಿ ಕರೆಂಟ್ ಹೋದಾಗಲೆಲ್ಲ ನಿಂತ ಕಡೆಯಿಂದ ಮತ್ತೆ ಶುರು ಮಾಡಬೇಕಿತ್ತು. ಬೆಳಿಗ್ಗೆ ಬಂದವನೇ ಅಣುಗಳ ಚಿತ್ರ ತೋರಿಸುವ ವಿಎಂಡಿ ತೆರೆದು ನೋಡುತ್ತಿದ್ದೆ. ಸರಗಳು ಪಕ್ಕ ಪಕ್ಕ ಸಾಲಾಗಿ ನಿಂತು ಬೀಟಾ ಶೀಟ್ ಆದ ಕಡೆ ಅದು ಹಳದಿ ಬಾಣ ತೋರಿಸುತ್ತದೆ. ಮೊದಲು ಬರೀ ಬಿಳಿ ದಾರಗಳು ತೇಲುತ್ತಿದ್ದವು. ಆಮೇಲೆ ಎರಡು ಹತ್ತಿರ ಬಂದವು, ಮೂರನೆಯದು ಬಂದು ಸೇರಿತು, ಒಂದು ಹಳದಿ ಬಾಣ ಮೂಡಿತು. ಕೊನೆಗೆ ಎಲ್ಲ ಒಂದೇ ಗಂಟು. ಆ ಖುಷಿಯಲ್ಲಿ ಗೈಡ್ ರೂಮಿಗೆ ಓಡಿದ್ದೆ. ಎಷ್ಟು ತುಂಡು ಒಂದಕ್ಕೊಂದು ಅಂಟಿವೆ ಅಂತ ಎಣಿಸಿ, ಗ್ರಾಫ್ ಹಾಕಿ, ಪೇಪರ್ ಕಳಿಸಿದೆವು.

ರಿವ್ಯೂನಲ್ಲಿ ಒಂದೇ ಪ್ರಶ್ನೆ ಬಂತು. ಇಲಿಯ ತುಂಡನ್ನು ಹಾಕಿ ನೋಡಿದ್ದೀರಾ?

ಹಾಕಿದೆ. ಅದೂ ಗಂಟು ಕಟ್ಟಿತು. ಹಳದಿ ಬಾಣ ಕಡಿಮೆ ಇದ್ದವು, ಆದರೆ ಅಂಟಿದ ತುಂಡುಗಳ ಎಣಿಕೆಯಲ್ಲಿ ಹೆಚ್ಚು ಕಡಿಮೆ ಏನೂ ಇಲ್ಲ. ನಮ್ಮ ಪೇಪರ್ ನಿಂತಿದ್ದೇ ಆ ಎಣಿಕೆಯ ಮೇಲೆ.

ಇದನ್ನು ಬಿಡಿಸಿ ಹೇಳುತ್ತೇನೆ, ಯಾಕಂದರೆ ನೀವೂ ಇದೇ ಜಾಗದಲ್ಲಿ ಎಡವುವ ಸಾಧ್ಯತೆ ಜಾಸ್ತಿ. ಯಾವ ಪರಮಾಣು ಯಾವುದನ್ನು ಎಷ್ಟು ಎಳೆಯಬೇಕು, ಎಷ್ಟು ತಳ್ಳಬೇಕು ಅಂತ ಸಿಮ್ಯುಲೇಷನ್‌ಗೆ ಮೊದಲೇ ಲೆಕ್ಕ ಬರೆದುಕೊಟ್ಟಿರುತ್ತೇವೆ. ಅದೇ ಫೋರ್ಸ್ ಫೀಲ್ಡ್. ಹಳೆಯ ಫೋರ್ಸ್ ಫೀಲ್ಡ್‌ಗಳನ್ನು ಹೆಚ್ಚಾಗಿ ಗಟ್ಟಿ ಆಕಾರದ ಪ್ರೋಟೀನ್‌ಗಳನ್ನು ನೋಡಿಕೊಂಡು ಹೊಂದಿಸಿದ್ದರು. ಅಮೈಲಿನ್ ಹಾಗಲ್ಲ. ನೀರಿನಲ್ಲಿ ಒಂಟಿಯಾಗಿದ್ದಾಗ ಅದಕ್ಕೆ ಸ್ಥಿರವಾದ ಆಕಾರವೇ ಇಲ್ಲ. ಇಂಥ ಸಡಿಲ ಸರಗಳನ್ನು ಹಳೆಯ ಫೋರ್ಸ್ ಫೀಲ್ಡ್‌ನಲ್ಲಿ, ಟಿಐಪಿ3ಪಿ ಅನ್ನುವ ನೀರಿನ ಮಾದರಿಯಲ್ಲಿ ಬಿಟ್ಟರೆ ಬೇಕಾದ್ದಕ್ಕಿಂತ ಜಾಸ್ತಿ ಮುದುಡುತ್ತವೆ, ಜಾಸ್ತಿ ಅಂಟುತ್ತವೆ. ಇದನ್ನು ಸರಿಪಡಿಸಲೆಂದೇ 2017ರಲ್ಲಿ ಚಾರ್ಮ್36ಎಂ, 2018ರಲ್ಲಿ ಎ99ಎಸ್‌ಬಿ-ಡಿಸ್ಪ್ ಅನ್ನುವ ಹೊಸ ಫೋರ್ಸ್ ಫೀಲ್ಡ್‌ಗಳು ಬಂದವು.

ಜೊತೆಗೆ ಡಬ್ಬಿಯ ಅಳತೆ. ಉದ್ದ, ಅಗಲ, ಎತ್ತರ ಮೂರೂ 10 ನ್ಯಾನೋಮೀಟರ್ ಇರುವ ಡಬ್ಬಿಯಲ್ಲಿ ಒಂದೇ ಒಂದು ಅಣು ಇಟ್ಟರೂ ಅದು ಸುಮಾರು 1.7 ಮಿಲಿಮೋಲಾರ್ ಸಾಂದ್ರತೆ ಆಯಿತು. ಲ್ಯಾಬಿನವರು ಪೂರ್ತಿ ಅಮೈಲಿನ್ ಅನ್ನು ಮೈಕ್ರೋಮೋಲಾರ್ (ಮಿಲಿಮೋಲಾರ್‌ನ ಸಾವಿರದಲ್ಲೊಂದು ಪಾಲು) ಲೆಕ್ಕದಲ್ಲಿ ತೆಗೆದುಕೊಳ್ಳುತ್ತಾರೆ. ಅಷ್ಟು ಇಕ್ಕಟ್ಟಿನಲ್ಲಿ ಹಲವು ತುಂಡು ತುಂಬಿದರೆ ಅಂಟದೆ ಇನ್ನೇನು ಮಾಡುತ್ತವೆ?

ಆದರೂ ನನ್ನ ತಪ್ಪು ಫೋರ್ಸ್ ಫೀಲ್ಡ್ ಅಲ್ಲ. ಆಗ ಬಹಳ ಜನ ಅದನ್ನೇ ಬಳಸುತ್ತಿದ್ದರು. ಡಬ್ಬಿಯೂ ಅಲ್ಲ, ಅದಕ್ಕಿಂತ ದೊಡ್ಡದು ಓಡಿಸುವ ಯಂತ್ರ ನಮ್ಮಲ್ಲಿ ಇರಲಿಲ್ಲ. ಅಂಟುವುದಿಲ್ಲ ಅಂತ ಮೊದಲೇ ಗೊತ್ತಿರುವ ಒಂದು ಸರವನ್ನು ನಾನು ಮೊದಲ ವಾರವೇ ಹಾಕಿ ನೋಡಲಿಲ್ಲ, ಅದು ತಪ್ಪು. ಹಾಕಿದ್ದರೆ ಆ ವಾರವೇ ಗೊತ್ತಾಗುತ್ತಿತ್ತು. ಗೊತ್ತಾಗುವ ಹೊತ್ತಿಗೆ ಫೆಲೋಶಿಪ್ ಮುಗಿಯುತ್ತಾ ಬಂದಿತ್ತು. ಪೇಪರ್ ವಾಪಸ್ ತೆಗೆದುಕೊಂಡೆವು. ಎರಡು ಅಧ್ಯಾಯ ಹೊಸದಾಗಿ ಮಾಡಬೇಕಾಯಿತು. ಕೊನೆಯ ಕಾಲವನ್ನು ಡಿಗ್ರಿ ಕಾಲೇಜೊಂದರಲ್ಲಿ ಗೆಸ್ಟ್ ಲೆಕ್ಚರರ್ ಆಗಿ ತಳ್ಳಿದೆ.

ನನ್ನನ್ನು ದಡ ಸೇರಿಸಿದ್ದು ಪಕ್ಕದ ಲ್ಯಾಬಿನ ಸೀನಿಯರ್ ಒಬ್ಬರು. ನಾವೆಲ್ಲ ಅಕ್ಕ ಅಂತಲೇ ಕರೆಯುತ್ತಿದ್ದೆವು. ನನ್ನ ಫೈಲು ನೋಡಿ ಮೊದಲು ಕೇಳಿದ್ದೇ, "ತುದಿಗೆ ಅಮೈಡ್ ಹಾಕಿದ್ದೀಯೇನೋ?" ಅಮೈಲಿನ್‌ನ ಕೊನೆಯ ತುದಿಯಲ್ಲಿ ಅಮೈಡ್ ಅನ್ನುವ ರಾಸಾಯನಿಕ ಗುಂಪು ಇರುತ್ತದೆ. ತುಂಡು ಮಾಡಿದಾಗಲೂ ತುದಿಗಳನ್ನು ಹೇಗೆ ಮುಚ್ಚಿದ್ದೇವೆ ಅನ್ನುವುದರ ಮೇಲೆ ವಿದ್ಯುದಂಶ ಬದಲಾಗುತ್ತದೆ, ಅಂಟುವುದೂ ಬದಲಾಗುತ್ತದೆ. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಅವರು ಥಿಯೋಫ್ಲೇವಿನ್-ಟಿ ಬಣ್ಣ ಹಾಕಿ ಅಳೆಯುವುದನ್ನು ಪಕ್ಕದಲ್ಲಿ ಕೂತು ನೋಡಿದೆ. ಎಳೆ ಕಟ್ಟಿದರೆ ಆ ಬಣ್ಣ ಜೋರಾಗಿ ಹೊಳೆಯುತ್ತದೆ. ಮೊದಲು ಆ ಹೊಳಪಿನ ಗ್ರಾಫ್‌ನ ಗೆರೆ ಮಲಗಿಯೇ ಇರುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಮೇಲೇರುತ್ತದೆ. ಹಳೇ ಸ್ಟಾಕ್‌ನಲ್ಲಿ ಮೊದಲೇ ಕಟ್ಟಿದ ಚೂರುಗಳಿದ್ದರೆ ಆ ಕಾಯುವ ಹೊತ್ತೇ ಇಲ್ಲ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಅದಕ್ಕೇ ಅವರು ಪ್ರತಿ ಸಲ ಪೆಪ್ಟೈಡ್ (ಆ ಚಿಕ್ಕ ಸರ) ಅನ್ನು ಪೂರ್ತಿ ಬಿಡಿಸಿ ಹೊಸದಾಗಿ ಶುರು ಮಾಡುತ್ತಿದ್ದರು. ಇಲಿಯದರ ಗೆರೆ ಮೇಲೇಳಲೇ ಇಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಾಗಲಿಲ್ಲ. ಕಂಪ್ಯೂಟರಾ, ಲ್ಯಾಬಾ ಅಂತ ಆರಿಸುವ ವಿಷಯ ಇದಲ್ಲ. ನೀವು ಪಿಪೆಟ್ ಹಿಡಿಯಲೇಬೇಕು ಅಂತಿಲ್ಲ. ಆದರೆ ಹಿಡಿಯುವವರು ಕೂಗಿದರೆ ಕೇಳುವಷ್ಟು ಹತ್ತಿರ ಇರಬೇಕು. ಗೈಡ್ ಹುಡುಕುವಾಗ ಅವರ ಬಳಿ ಎಷ್ಟು ಜಿಪಿಯು ಇದೆ ಅಂತ ಕೇಳುವ ಮೊದಲು ಪಕ್ಕದಲ್ಲಿ ಯಾರು ಪ್ರಯೋಗ ಮಾಡುತ್ತಾರೆ ಅಂತ ಕೇಳಿ. ಇದಕ್ಕಾಗಿ ಬೆಂಗಳೂರಿಗೇ ಹೋಗಬೇಕಾಗಿಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಪ್ರೋಟೀನ್‌ಗೆಂದೇ ಒಂದು ವಿಭಾಗ ಇದೆ.

ಆಲ್ಫಾಫೋಲ್ಡ್ ವಿಷಯ. 2020ರ ಪ್ರೋಟೀನ್ ಆಕಾರ ಊಹಿಸುವ ಸ್ಪರ್ಧೆಯಲ್ಲಿ ಅದು ಮಾಡಿದ್ದು ದೊಡ್ಡ ಕೆಲಸ, 2024ರ ನೊಬೆಲ್ ಸುಮ್ನೆ ಬರಲಿಲ್ಲ. ಒಂದು ಸರ ಮಡಚಿಕೊಂಡ ಮೇಲೆ ಯಾವ ಆಕಾರ ತಾಳುತ್ತದೆ ಅಂತ ಅದು ಹೇಳುತ್ತದೆ. ಅದೇ ಸರ ಯಾವ ಪಿಎಚ್‌ನಲ್ಲಿ, ಎಷ್ಟು ಸಾಂದ್ರತೆಯಲ್ಲಿ, ಎಷ್ಟು ಹೊತ್ತಿಗೆ ಅಂಟುತ್ತದೆ ಅಂತ ಹೇಳುವುದಿಲ್ಲ. ಮೆದುಳಿನ ಟಾವ್ ಪ್ರೋಟೀನ್ ತೆಗೆದುಕೊಳ್ಳಿ. ಆಲ್‌ಝೈಮರ್ಸ್ ರೋಗಿಯ ಮೆದುಳಿನಿಂದ ತೆಗೆದ ಎಳೆಗಳ ರಚನೆ 2017ರಲ್ಲಿ ಕ್ರಯೋ-ಇಎಂನಿಂದ (ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನ) ಸಿಕ್ಕಿತು. ಆಮೇಲೆ ಪಿಕ್ಸ್ ಅನ್ನುವ ಇನ್ನೊಂದು ಮೆದುಳಿನ ಕಾಯಿಲೆಯವರದನ್ನು ನೋಡಿದರೆ ಮಡಿಕೆಯೇ ಬೇರೆ. ಪ್ರೋಟೀನ್ ಒಂದೇ, ಕಾಯಿಲೆಗೊಂದು ಆಕಾರ. ಇಷ್ಟೆಲ್ಲ ಬಾಕಿ ಇರುವಾಗ ಏನು ಉಳಿದಿದೆ ಅಂತ ಕೇಳುತ್ತೀರಲ್ಲ!

ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಇಲ್ಲದೆ ಮಾತ್ರ ಸೇರಬೇಡಿ. 2023ರಿಂದ ತಿಂಗಳಿಗೆ 37,000 ರೂಪಾಯಿ ಇದೆ. ಮನೆಯವರ ಬಾಯಿ ಮುಚ್ಚಿಸಲು ಅದು ಸಾಕು. ಪೈಥಾನ್ ಆಮೇಲೂ ಬರುತ್ತದೆ. ಮೊದಲು, ಪ್ರೋಟೀನ್ ಸರ ಯಾವ ಯಾವ ಕೋನಗಳಲ್ಲಿ ತಿರುಗಬಲ್ಲದು ಅಂತ ತೋರಿಸುವ ರಾಮಚಂದ್ರನ್ ನಕ್ಷೆಯನ್ನು ಕೂತು ಅರ್ಥ ಮಾಡಿಕೊಳ್ಳಿ. 1963ರಲ್ಲಿ ಮದ್ರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಜೊತೆಗಾರರು ಅಣುವಿನ ಕೋನಗಳ ಲೆಕ್ಕದಿಂದಲೇ ಅದನ್ನು ಕಟ್ಟಿದರು. ಪ್ರೋಲೀನ್ ಬೀಟಾ ಶೀಟ್‌ಗೆ ಯಾಕೆ ಒಗ್ಗುವುದಿಲ್ಲ ಅನ್ನುವುದೂ ಅರ್ಧ ಅಲ್ಲೇ ತಿಳಿಯುತ್ತದೆ.

ಗ್ರೋಮ್ಯಾಕ್ಸ್ ಉಚಿತ, ಇವತ್ತೇ ಹಾಕಿಕೊಳ್ಳಿ. ಮನುಷ್ಯನ 20–29 ತುಂಡು ಒಂದು ಡಬ್ಬಿಯಲ್ಲಿ, ಇಲಿಯದು ಇನ್ನೊಂದರಲ್ಲಿ, ಉಳಿದದ್ದೆಲ್ಲ ಒಂದೇ ಥರ ಇಟ್ಟು ಓಡಿಸಿ. ಎರಡೂ ಒಂದೇ ಥರ ಅಂಟಿದರೆ ಫೋರ್ಸ್ ಫೀಲ್ಡ್, ನೀರಿನ ಮಾದರಿ, ಡಬ್ಬಿಯ ಅಳತೆ ಮೂರನ್ನೂ ಇಲ್ಲೇ ಕೆಳಗೆ ಬರೆಯಿರಿ. ಎಲ್ಲಿ ಬದಲಾಯಿಸಬೇಕು ಅಂತ ನೋಡಿ ಹೇಳುತ್ತೇನೆ.